ನಾಲ್ಕು ಕೋಣೆಯ ಹೃದಯ ಓದಿದ ವರ್ಷ

ಕಳೆದ ತಿಂಗಳು ಮಹಾಲಕ್ಷ್ಮಿ ಲೇಔಟಿನ ಮಗಳ ಮನೆಯಲ್ಲಿ ಗೋಡೆಯುದ್ದಕ್ಕೂ ಹೊಸ ಕಪಾಟು ಕೂರಿಸಿದರು. ಬಡಗಿಗಳು ಹೋದ ಮೇಲೆ ಹೇಗಿದೆ ನೋಡೋಣವೆಂದು ಒಂದು ಬಾಗಿಲು ತೆರೆದೆ. ಒಳಗಿನಿಂದ ಬಂದ ವಾಸನೆಗೆ ಕಣ್ಣು ಉರಿದು ನೀರಾಡಿತು. "ಪ್ಲೈವುಡ್ಡಿನ ಅಂಟು ಅಪ್ಪ, ಹದಿನೈದು ದಿನದಲ್ಲಿ ಹೋಗುತ್ತಂತೆ" ಎಂದು ಮಗಳು ಕಿಟಕಿ ತೆರೆದಳು. ನನಗೆ ಅದು ಅಂಟಿನ ವಾಸನೆಯಾಗಿರಲಿಲ್ಲ, ಸತ್ತ ಪ್ರಾಣಿಗಳನ್ನು ಕೆಡದಂತೆ ಮುಳುಗಿಸಿಡುವ ಫಾರ್ಮಲಿನ್ ಆಗಿತ್ತು. ಬಿ.ಎಸ್ಸಿ. ಮುಗಿಸಿದ ಮೇಲೆ ನಾನು ಆ ವಾಸನೆಯ ಹತ್ತಿರ ಹೋದವನಲ್ಲ. ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸ ಹಿಡಿದು, ಅಲ್ಲೇ ನಿವೃತ್ತನಾದೆ. ನಾನು ಪ್ರಾಣಿಶಾಸ್ತ್ರ ಓದಿದ್ದೆನೆಂಬುದು ಮಗಳಿಗೂ ಸರಿಯಾಗಿ ಗೊತ್ತಿಲ್ಲ. ಆ ವಿದ್ಯೆ ಬಿಟ್ಟ ಕಾರಣವನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಐವತ್ತರ ದಶಕದ ನಡುವಿನ ಮಾತು. ಅಪ್ಪಾಜಿ ಮಾಗಡಿ ರಸ್ತೆಯ ಗಿರಣಿಯೊಂದರಲ್ಲಿ ಗುಮಾಸ್ತರು. ಚಿತ್ರದುರ್ಗದ ಕಡೆಯಿಂದ ಬಂದ ನಮಗೆ ರಾಜಾಜಿನಗರದಲ್ಲಿ ಹೆಂಚಿನ ಮನೆಯೊಂದು ಬಾಡಿಗೆಗೆ ಸಿಕ್ಕಿತ್ತು. ಬಡಾವಣೆ ಇನ್ನೂ ಕಾಗದದ ಮೇಲೆಯೇ ಹೆಚ್ಚು ಇತ್ತು. ನಾಲ್ಕು ಮನೆ, ಆಮೇಲೆ ಸೈಟುಗಳ ಕಲ್ಲು ನೆಟ್ಟ ಬಯಲು, ಆಮೇಲೆ ಲಂಟಾನದ ಬೇಲಿ. ಬೇಲಿ ದಾಟಿದರೆ ರಾಗಿ ಹೊಲ. ನೀರಿಗೆ ಬೀದಿ ಕೊನೆಯ ನಲ್ಲಿ.

ಮನೆಯಲ್ಲಿ ಅಪ್ಪಾಜಿ, ಅವ್ವ, ನಾನು, ನನಗಿಂತ ಎರಡು ವರ್ಷ ಚಿಕ್ಕವಳಾದ ತಂಗಿ ಗಿರಿಜ. ನಮ್ಮದು ಲಿಂಗವಂತರ ಮನೆ. ಮೊಟ್ಟೆ ಕೂಡ ಕಾಣದ ಮನೆಯ ಮಗ ಕಾಲೇಜಿಗೆ ಹೋಗಿ ಕಪ್ಪೆ ಕೊಯ್ಯುತ್ತಾನೆಂದಾಗ ಅವ್ವ ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ ಒಂದು ಕರಾರು ಮಾಡಿದಳು. ಪ್ರಾಕ್ಟಿಕಲ್ ಇದ್ದ ದಿನ ಹಿತ್ತಲ ಬಾಗಿಲಿನಿಂದಲೇ ಬರಬೇಕು, ಸ್ನಾನ ಮಾಡದೆ ಅಡುಗೆಮನೆ ದಾಟಬಾರದು.

ಹಾಗಾಗಿ ವಾರಕ್ಕೆ ಮೂರು ಸಂಜೆ ನಾನು ಹಿತ್ತಲಲ್ಲಿ ಕೈಚಾಚಿ ನಿಲ್ಲುತ್ತಿದ್ದೆ. ಗಿರಿಜ ತಂಬಿಗೆಯಿಂದ ನೀರು ಸುರಿಯುತ್ತಿದ್ದಳು.

"ಇವತ್ತು ಏನು ಕೊಯ್ದೆ ಅಣ್ಣ?"

"ಶಾರ್ಕು. ಮಂಗಳೂರಿಂದ ಪೀಪಾಯಲ್ಲಿ ಬರುತ್ತೆ."

"ಒಳಗೆ ಹೇಗಿತ್ತು? ಮೊದಲಿಂದ ಹೇಳು."

ಅವಳು ಹೈಸ್ಕೂಲು ಬಿಟ್ಟು ಮೂರು ವರ್ಷವಾಗಿತ್ತು. ಬುದ್ಧಿ ಕಡಿಮೆಯಾಗಿ ಅಲ್ಲ, ಅಷ್ಟು ದೂರ ನಡೆಯಲಾರದೆ. ನಲ್ಲಿಯಿಂದ ಅರ್ಧ ಕೊಡ ತರುವಾಗಲೂ ದಾರಿಯಲ್ಲಿ ಎರಡು ಸಲ ಕೊಡ ಇಳಿಸಿ, ಕುಕ್ಕರಗಾಲಲ್ಲಿ ಕೂತು, ಮೊಣಕಾಲಿಗೆ ಎದೆ ಒತ್ತಿಕೊಂಡು ಉಸಿರು ತಿರುಗಿಸಿಕೊಳ್ಳುತ್ತಿದ್ದಳು. ತುಟಿ ನೇರಳೆ ಹಣ್ಣು ತಿಂದವರ ಹಾಗೆ ಕಾಣುತ್ತಿತ್ತು. ಅವ್ವನ ಪ್ರಕಾರ ಅದು ರಕ್ತ ಕಡಿಮೆಯಾದದ್ದರ ಗುಣ. ಪಾಲಕ್ ಸೊಪ್ಪು, ಬೀಟ್‌ರೂಟು, ಪಂಡಿತರ ಲೇಹ್ಯ ಎಲ್ಲ ನಡೆದೇ ಇತ್ತು. ಹುಟ್ಟಿದಾಗಿನಿಂದ ನೋಡಿದ್ದರಿಂದ ನಮಗೆ ಅದು ಕಾಯಿಲೆಯೆಂದೇ ಅನಿಸಿರಲಿಲ್ಲ. ಒಬ್ಬೊಬ್ಬರು ಒಂದೊಂದು ರೀತಿ, ಗಿರಿಜ ಹೀಗೆ, ಅಷ್ಟೇ.

ಅವಳ ಮದುವೆ ಹುಟ್ಟಿದಾಗಲೇ ನಿಶ್ಚಯವಾಗಿತ್ತು. ಗಂಡು ಅವ್ವನ ಒಬ್ಬನೇ ತಮ್ಮ ರುದ್ರಪ್ಪ, ನಮಗೆ ರುದ್ರಮಾವ. ಕೆಂಗೇರಿಯ ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರು, ಇಪ್ಪತ್ತಾರು ವರ್ಷ, ತೆಳ್ಳಗೆ, ನಗುಮುಖ. ಪ್ರತಿ ಭಾನುವಾರ ಸೈಕಲ್ಲಿನ ಹಿಂದೆ ಸಂತೆಯ ತರಕಾರಿ ಕಟ್ಟಿಕೊಂಡು ಬರುತ್ತಿದ್ದ. ಬಂದವನು ಮೊದಲು ಬೀದಿ ನಲ್ಲಿಗೆ ಹೋಗಿ ಮನೆಯ ಕೊಡಗಳನ್ನೆಲ್ಲ ತುಂಬಿಸಿಡುತ್ತಿದ್ದ. ಯಾರೂ ಅವನಿಗೆ ಹೇಳುತ್ತಿರಲಿಲ್ಲ. ಮಾಘದಲ್ಲಿ ಮದುವೆ ಎಂದು ಆ ವರ್ಷ ಅವ್ವ ಹಪ್ಪಳ ಸಂಡಿಗೆ ಶುರುಮಾಡಿದ್ದಳು. ಗಿರಿಜ ಕೆಂಗೇರಿಯ ಮನೆಯ ಒಂದೊಂದು ಮೂಲೆಯನ್ನೂ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದಳು. ಹಿತ್ತಲಲ್ಲಿ ಬಾವಿ ಇದೆ, ಎದುರಿಗೆ ಹೊಂಗೆ ಮರ ಇದೆ, ಮಧ್ಯಾಹ್ನದ ರೈಲಿನ ಸದ್ದು ಅಡುಗೆಮನೆಗೆ ಕೇಳುತ್ತೆ.

ಕಾಲೇಜಿನಲ್ಲಿ ನಮಗೆ ಬೆನ್ನೆಲುಬಿರುವ ಪ್ರಾಣಿಗಳ ಅಂಗರಚನೆ ಹೇಳುತ್ತಿದ್ದವರು ಶ್ರೀಕಂಠಯ್ಯನವರು. ಪಂಚೆ, ಕರಿ ಕೋಟು, ರುಮಾಲು. ಪಾಠ ಇಂಗ್ಲಿಷಿನಲ್ಲಿ. ಮನಸ್ಸಿಗೆ ಹತ್ತಿರದ ಮಾತು ಬಂದಾಗ ಮಾತ್ರ ಕನ್ನಡಕ್ಕೆ ಇಳಿಯುತ್ತಿದ್ದರು. ಮೀನಿನ ಈಜುರೆಕ್ಕೆ, ಕಪ್ಪೆಯ ಮುಂಗಾಲು, ಪಾರಿವಾಳದ ರೆಕ್ಕೆ, ಮೊಲದ ಕಾಲು ಇವುಗಳ ಮೂಳೆಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಕೊನೆಗೆ ತಮ್ಮ ಕೈಯನ್ನು ಅದೇ ಸಾಲಿನಲ್ಲಿಟ್ಟು, "ನೋಡ್ರಪ್ಪ, ಇದೂ ಅದೇ" ಎನ್ನುತ್ತಿದ್ದರು. ನಾನು ಮೊದಲ ಸಲ ಅದನ್ನು ನೋಡಿದ ದಿನ ಮನೆಯವರೆಗೂ ಸೈಕಲ್ ಹ್ಯಾಂಡಲಿನ ಮೇಲಿನ ನನ್ನ ಬೆರಳುಗಳನ್ನೇ ನೋಡಿಕೊಂಡು ಬಂದಿದ್ದೆ. ಅಷ್ಟು ಖುಷಿ ಆ ವಿದ್ಯೆಯಲ್ಲಿ ನನಗಿತ್ತು.

ಪ್ರಯೋಗಶಾಲೆ ಅಟೆಂಡರ್ ಮುನಿಯಪ್ಪನದು. ಮಾರೇನಹಳ್ಳಿಯವನು. ಕಪ್ಪೆ, ಓತಿಕ್ಯಾತ ಎಲ್ಲ ಅವನೇ ಹಿಡಿದು ತರುತ್ತಿದ್ದ. ಓದು ಬರಹ ಬಾರದಿದ್ದರೂ ಮೇಣದ ತಟ್ಟೆಯಲ್ಲಿ ಪ್ರಾಣಿಯನ್ನು ಗುಂಡುಸೂಜಿಯಿಂದ ಚುಚ್ಚಿ ಹರಡಿ, ಒಂದು ನರವೂ ಕಡಿಯದ ಹಾಗೆ ಬಿಡಿಸಿ ತೋರಿಸುತ್ತಿದ್ದ. "ಕತ್ತರಿ ಒತ್ತಬೇಡಿ ಸ್ವಾಮಿ, ಅದೇ ದಾರಿ ಬಿಡ್ತದೆ" ಎನ್ನುವುದು ಅವನ ಪಾಠ.

ಮಳೆಗಾಲದಲ್ಲಿ ಹೃದಯಕ್ಕೆ ಬಂದೆವು. ಶಾರ್ಕಿಗೆ ಎರಡು ಕೋಣೆ. ಕಪ್ಪೆಗೆ ಮೂರು. ಓತಿಕ್ಯಾತಕ್ಕೂ ಮೂರೇ, ಆದರೆ ಕೆಳಗಿನ ಕೋಣೆಯ ನಡುವೆ ಒಂದು ಗೋಡೆ ಏಳಲು ಹೊರಟು ಅರ್ಧಕ್ಕೆ ನಿಂತಿರುತ್ತದೆ. ಅಲ್ಲಿಯವರೆಗಿನದನ್ನೆಲ್ಲ ಸಂಜೆ ಹಿತ್ತಲಲ್ಲಿ ಗಿರಿಜಳಿಗೆ ಹೇಳಿದ್ದೆ. ಪಾರಿವಾಳಕ್ಕೆ, ಮೊಲಕ್ಕೆ ಆ ಗೋಡೆ ಪೂರ್ತಿಯಾಗಿ ನಾಲ್ಕು ಕೋಣೆ. ಒಳ್ಳೆಯ ರಕ್ತ, ಕೆಟ್ಟ ರಕ್ತ ಬೆರೆಯುವುದಿಲ್ಲ. ಒಂದು ದಿನ ಶ್ರೀಕಂಠಯ್ಯನವರು ಗೋಡೆಗೆ ನೇತುಹಾಕಿದ ಪಟಗಳನ್ನು ಕೋಲಿನಿಂದ ತೋರಿಸುತ್ತ ಬಂದು, ಕೊನೆಯಲ್ಲಿ ಕನ್ನಡಕ್ಕೆ ಇಳಿದರು.

"ಮನುಷ್ಯರಿಗೂ ತಾಯಿ ಹೊಟ್ಟೆಯಲ್ಲಿ ಈ ಗೋಡೆ ನಿಧಾನಕ್ಕೇ ಬೆಳೆಯೋದು. ಒಂದೊಂದು ಮಗುವಿಗೆ ಅದು ಪೂರ್ತಿ ಆಗೋದೇ ಇಲ್ಲ. ಅಂಥ ಮಕ್ಕಳ ತುಟಿ, ಉಗುರು ನೀಲಿ ಇರುತ್ತೆ. ಬೆರಳ ತುದಿ ದುಂಡಗೆ ಊದಿರುತ್ತೆ. ನಾಲ್ಕು ಹೆಜ್ಜೆ ನಡೆದ್ರೆ ಕುಕ್ಕರಗಾಲಲ್ಲಿ ಕೂತ್ಕೊಳ್ತವೆ. ಯಾರೂ ಹೇಳಿಕೊಡದೆ ಅವೇ ಕಂಡುಕೊಂಡಿರ್ತವೆ."

ನನ್ನ ಪೆನ್ನು ನಿಂತಿತು. ಅವರು ಆಮೇಲೆ ಹೇಳಿದ್ದು ಯಾವುದೂ ನನ್ನ ನೋಟ್‌ಬುಕ್ಕಿನಲ್ಲಿ ಇರಲಿಲ್ಲ.

ಆ ಸಂಜೆ ಗಿರಿಜ ನೀರು ಸುರಿಯುವಾಗ ಅವಳ ಬೆರಳು ನೋಡಿದೆ. ಹದಿನೇಳು ವರ್ಷ ನೋಡಿದ್ದ ಬೆರಳು. ತುದಿಗಳು ದುಂಡಗಿದ್ದವು, ಉಗುರು ಮಸಿ ಸವರಿದಂತಿತ್ತು. "ಇವತ್ತು ಏನು ಕೊಯ್ದೆ?" ಎಂದಳು. "ಏನೂ ಇಲ್ಲ" ಎಂದೆ.

ಮರುದಿನ ಶ್ರೀಕಂಠಯ್ಯನವರ ಕೋಣೆಗೆ ಹೋಗಿ ಹೇಳಿದೆ. ಅವರು ತುಂಬ ಹೊತ್ತು ಕನ್ನಡಕ ಒರೆಸಿದರು. "ನಾನು ಸತ್ತ ಪ್ರಾಣಿಗಳ ಮೇಷ್ಟ್ರು ಕಣಪ್ಪ. ಬದುಕಿರೋರ ವಿಷಯ ನನಗೆ ಗೊತ್ತಾಗಲ್ಲ" ಎಂದರು. ಆಮೇಲೆ ಊರ ದೊಡ್ಡ ಆಸ್ಪತ್ರೆಯಲ್ಲಿದ್ದ ಪರಿಚಯದ ಡಾಕ್ಟರೊಬ್ಬರಿಗೆ ಒಂದು ಕಾಗದ ಬರೆದು ಕೊಟ್ಟರು.

ಮದುವೆಗೆ ಮುಂಚೆ ಒಂದು ಟಾನಿಕ್ ಬರೆಸಿಕೊಂಡು ಬರ್ತೀವಿ ಎಂದು ಅವ್ವನಿಗೆ ಸುಳ್ಳು ಹೇಳಿ ಗಿರಿಜಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಅವಳಿಗೆ ಅದೊಂದು ಹಬ್ಬ. ಹಸಿರು ಸೀರೆ ಉಟ್ಟು, ಕಿಟಕಿ ಪಕ್ಕ ಕೂತು, ಮಾರ್ಕೆಟ್ಟಿನ ಜನರನ್ನೆಲ್ಲ ನೋಡುತ್ತ ಬಂದಳು. ಡಾಕ್ಟರು ವಯಸ್ಸಾದವರು. ಅವಳ ಎದೆಯನ್ನೂ ಬೆನ್ನನ್ನೂ ತುಂಬ ಹೊತ್ತು ಕೇಳಿದರು. ಆಮೇಲೆ ಸ್ಟೆತಾಸ್ಕೋಪನ್ನು ನನ್ನ ಕಿವಿಗೆ ಸಿಕ್ಕಿಸಿ, "ಜೂಆಲಜಿ ಓದ್ತೀಯಂತಲ್ಲ, ಕೇಳು" ಎಂದರು. ಬಡಿತ ಬಡಿತದ ನಡುವೆ, ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ ಒಂದು ಒರಟು ಸದ್ದಿತ್ತು.

"ಏನು ಕೇಳಿಸ್ತು ಅಣ್ಣ?" ಎಂದು ಗಿರಿಜ ನಕ್ಕಳು.

"ಎದೆ ಬಡೀತಾ ಇದೆ. ಇನ್ನೇನು."

ಅವಳನ್ನು ಹೊರಗೆ ಕಳಿಸಿ ಡಾಕ್ಟರು ಹೇಳಿದರು. "ಕೆಳಗಿನ ಎರಡು ಕೋಣೆಯ ಮಧ್ಯೆ ತೂತಿದೆ. ಶ್ವಾಸಕೋಶಕ್ಕೆ ಹೋಗೋ ದಾರೀನೂ ಕಿರಿದಾಗಿರಬೇಕು. ಇಷ್ಟು ವರ್ಷ ಹೇಗೆ ಬಂತೋ ಈ ಹುಡುಗಿ."

"ಆಪರೇಷನ್ ಮಾಡಬಹುದಾ ಸಾರ್?"

"ಎದೆ ತೆರೆದು ಹೊಲಿಯೋದನ್ನ ಹೊರದೇಶದಲ್ಲಿ ಈಗೀಗ ಶುರುಮಾಡಿದ್ದಾರೆ. ಅಲ್ಲೂ ಎಲ್ಲರೂ ಉಳಿಯಲ್ಲ. ನನ್ನ ಕೈಲಿ ಏನೂ ಇಲ್ಲಪ್ಪ."

ಮಾಘದಲ್ಲಿ ಮದುವೆ ಇದೆ ಎಂದೆ. ಅವರು ಬರೆಯುತ್ತಿದ್ದ ಚೀಟಿಯಿಂದ ತಲೆ ಎತ್ತಿದರು. "ಮಾಡಬೇಡಿ. ಬಸುರಾದ್ರೆ ತಡೆಯಲ್ಲ. ನೀನು ಓದಿದೋನು, ಮನೇಲಿ ತಿಳಿಸಿ ಹೇಳು." ಅಷ್ಟು ಹೇಳಿ ಒಂದು ಟಾನಿಕ್ ಬರೆದುಕೊಟ್ಟರು.

ಮೂರು ವಾರ ನಾನು ಬಾಯಿ ಬಿಡಲಿಲ್ಲ. ಅವ್ವ ಸಂಡಿಗೆ ಒಣಗಿಸುತ್ತಿದ್ದಳು. ಭಾನುವಾರ ಬಂದ ರುದ್ರಮಾವ ಕೆಂಗೇರಿಯ ಮನೆಗೆ ಸುಣ್ಣ ಬಳಿಸಿದ ಸುದ್ದಿ ಹೇಳಿದ. ನಾನು ಪುಸ್ತಕ ತೆಗೆದು ಓದಿದ್ದನ್ನೇ ಓದುತ್ತಿದ್ದೆ. ಎಲ್ಲೋ ಒಂದು ಕಡೆ ಬೇರೆ ಏನಾದರೂ ಬರೆದಿರಬಹುದು, ತಾನಾಗಿ ಮುಚ್ಚಿಕೊಳ್ಳುತ್ತದೆ ಎಂದಿರಬಹುದು ಎಂದು ಹುಡುಕುತ್ತಿದ್ದೆ. ಗೋಡೆ ಹೇಗೆ ಬೆಳೆಯುತ್ತದೆ ಎಂಬುದು ಚಿತ್ರಸಮೇತ ಇತ್ತು. ಬೆಳೆಯದಿದ್ದರೆ ಏನು ಮಾಡಬೇಕು ಎಂಬುದು ಎಲ್ಲಿಯೂ ಇರಲಿಲ್ಲ. ಮೊಲ ಕೊಯ್ಯುವ ದಿನ ಅದರ ಎದೆಗೂಡಿನ ಮೇಲೆ ಕತ್ತರಿ ಇಟ್ಟವನು ಮುಂದೆ ಹೋಗಲೇ ಇಲ್ಲ, ಮುನಿಯಪ್ಪ ಬಂದು ಕತ್ತರಿ ತೆಗೆದುಕೊಂಡ. "ಇವತ್ತು ಬೇಡ ಬಿಡಿ ಸ್ವಾಮಿ. ಹೊರಗೆ ಕೂತ್ಕಳಿ" ಎಂದ.

ಅಪ್ಪಾಜಿ ಸಂಜೆ ಮಾರೇನಹಳ್ಳಿಯ ಕಡೆ ಹೊಲದ ಬದುವಿನ ಮೇಲೆ ತಿರುಗಾಡಿ ಬರುತ್ತಿದ್ದರು. ಒಂದು ದಿನ ಜೊತೆಗೆ ಹೋದೆ. ರಾಗಿ ತೆನೆ ಬಾಗಿತ್ತು. ನಡೆಯುತ್ತಲೇ ಎಲ್ಲ ಹೇಳಿದೆ. ಅವರು ನಿಂತರು.

"ಡಾಕ್ಟರು ಖಚಿತವಾಗಿ ಹೇಳಿದ್ರಾ?"

"ಹೇಳಿದ್ರು."

"ನೀನೇನಂತೀಯ? ನಿನಗೆ ಗೊತ್ತಾಗುತ್ತೆ. ನಮಗೆ ಗೊತ್ತಾಗಲ್ಲ."

ಅವರು ಹಾಗೆ ನನ್ನನ್ನು ಕೇಳಿದ್ದು ಅದೇ ಮೊದಲು. ನನಗೆ ಗೊತ್ತಿಲ್ಲ ಎನ್ನಬಹುದಿತ್ತು. ಅದು ನಿಜವೂ ಆಗಿತ್ತು. ಆದರೆ ಹತ್ತೊಂಬತ್ತು ವರ್ಷದ ನಾನು, "ಮದುವೆ ಮಾಡಬಾರದು ಅಪ್ಪಾಜಿ" ಎಂದೆ.

ಆ ಭಾನುವಾರ ರುದ್ರಮಾವ ಕೊಡಗಳನ್ನು ತುಂಬಿಸಿಟ್ಟು ಬಂದು ಜಗಲಿಯ ಮೇಲೆ ಕೂತಾಗ ಅಪ್ಪಾಜಿ ವಿಷಯ ಹೇಳಿದರು. ಅವ್ವನಿಗೆ ಹಿಂದಿನ ದಿನವೇ ಹೇಳಿದ್ದರು. ಅತ್ತು ಅತ್ತು ಅವಳ ಮುಖ ಬಾತಿತ್ತು. ರುದ್ರಮಾವ ಎಲ್ಲ ಕೇಳಿ, ಪಂಚೆಯ ಅಂಚಿನಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದ.

"ಭಾವ, ನನಗೇನೂ ತೊಂದರೆ ಇಲ್ಲ. ಅವಳು ಹೇಗಿದಾಳೋ ಹಾಗೇ ಇರಲಿ. ಮಕ್ಕಳು ಬೇಡ ಅಂದ್ರಾಯ್ತು."

ಅಪ್ಪಾಜಿ ಏನೋ ಹೇಳಹೊರಟರು. ಅದಕ್ಕೆ ಮೊದಲೇ ಬಾಗಿಲ ಬಳಿಯಿಂದ ಅವ್ವ, "ಮದುವೆ ಆದಮೇಲೆ ಅದು ನಿನ್ನ ಕೈಲೂ ಇಲ್ಲ, ಅವಳ ಕೈಲೂ ಇಲ್ಲ ಕಣೋ" ಎಂದಳು. "ಇರೋನು ನೀನೊಬ್ಬ ತಮ್ಮ. ನಿನ್ನ ಮನೇಲಿ ಅವಳಿಗೇನಾದ್ರೂ ಆದ್ರೆ ನಾನು ನಿನ್ನ ಮುಖ ಹೇಗೆ ನೋಡ್ಲಿ. ನೀನು ನನ್ನ ಮುಖ ಹೇಗೆ ನೋಡ್ತೀಯ. ಇಲ್ಲೇ ಇರಲಿ. ನನ್ನ ಕಣ್ಣೆದುರಿಗೇ ಇರಲಿ."

"ಅಕ್ಕ, ಒಂದು ಮಾತು ಗಿರಿಜನ್ನ ಕೇಳು."

ಯಾರೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ ಕಾಫಿ ತಂದಳು. ಲೋಟ ಮಾವನ ಮುಂದಿಟ್ಟು, ಸೆರಗಿನಿಂದ ಬಿಸಿ ಬೆರಳು ಒರೆಸಿಕೊಂಡು, ಒಳಗೆ ಹೋದಳು. ಎಲ್ಲವೂ ಅವಳಿಗೆ ಕೇಳಿಸಿತ್ತು.

ರುದ್ರಮಾವ ಭಾನುವಾರ ಬರುವುದನ್ನು ಬಿಡಲಿಲ್ಲ. ಬರುತ್ತಿದ್ದ, ನೀರು ತುಂಬಿಸುತ್ತಿದ್ದ, ಊಟ ಮಾಡುತ್ತಿದ್ದ, ಹೋಗುತ್ತಿದ್ದ. ಕೆಂಗೇರಿಯ ಮನೆಯ ಮಾತು ಮಾತ್ರ ನಿಂತುಹೋಯಿತು. ಒಣಗಿಸಿಟ್ಟ ಸಂಡಿಗೆಯ ಡಬ್ಬಗಳನ್ನು ಅವ್ವ ಅಟ್ಟಕ್ಕೆ ಏರಿಸಿದಳು. ಗಿರಿಜ ಹಿತ್ತಲಲ್ಲಿ ತಂಬಿಗೆ ತುಂಬಿಸಿಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಕೈಗೆ ನಾನೇ ಸುರಿದುಕೊಳ್ಳುತ್ತಿದ್ದೆ. ಏನು ಕೊಯ್ದೆ ಎಂದು ಅವಳು ಕೇಳುತ್ತಿರಲಿಲ್ಲ. ನಾನಾಗಿ ಹೇಳಲು ಹೋದರೆ, "ಒಲೆ ಮೇಲೆ ಹಾಲಿದೆ" ಎನ್ನುತ್ತಿದ್ದಳು.

ಒಂದು ದಿನ ಮಾತ್ರ ಮಾತಾಡಿದಳು. ಅವರೆಕಾಯಿಯ ಕಾಲ, ಚಳಿ ಜೋರಾಗಿತ್ತು. ಬೆಳಗಿನ ಬಿಸಿಲಿಗೆ ಹಿತ್ತಲಲ್ಲಿ ಕೂತು ಕಾಳು ಬಿಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಪುಸ್ತಕ ಹಿಡಿದು ಕೂತಿದ್ದೆ. ಬೇಲಿಯ ಮೇಲೆ ಒಂದು ಓತಿಕ್ಯಾತ ತಲೆ ಆಡಿಸುತ್ತ ಕೂತಿತ್ತು. ಸರ್ರನೆ ಓಡಿ ಕೊಂಬೆಯ ತುದಿಗೆ ಹೋಯಿತು.

"ಅಣ್ಣ, ಅದರ ಗೋಡೇನೂ ಅರ್ಧಾನೇ ಅಂದಿದ್ದೆ ಅಲ್ವಾ?"

"ಹೂಂ."

"ಮತ್ತೆ ಅದು ಹೇಗೆ ಹಾಗೆ ಓಡುತ್ತೆ?"

ನನಗೆ ಗೊತ್ತಿದ್ದ ಉತ್ತರ ಹೇಳಿದೆ. "ಅದರ ಮೈ ತಣ್ಣಗಿರುತ್ತೆ. ನಮ್ಮಷ್ಟು ಉಸಿರು ಅದಕ್ಕೆ ಬೇಕಾಗಲ್ಲ. ಇರೋದ್ರಲ್ಲೇ ನಡೆಯುತ್ತೆ."

ಅವಳು ಎರಡು ಕಾಯಿ ಬಿಡಿಸಿದಳು. ಆಮೇಲೆ, "ನನಗೂ ಬಹಳ ಬೇಕಿರಲಿಲ್ಲ ಅಣ್ಣ" ಎಂದಳು. "ಕೆಂಗೇರೀಲಿ ಒಂದು ವರ್ಷ ಸಾಕಿತ್ತು."

ದನಿಯಲ್ಲಿ ಸಿಟ್ಟಿರಲಿಲ್ಲ. ಮೊರದಲ್ಲಿ ಸಿಪ್ಪೆ ಒಟ್ಟುಮಾಡಿಕೊಂಡು, ನಿಧಾನಕ್ಕೆ ಎದ್ದು, ಒಳಗೆ ಹೋದಳು.

ಸಂಕ್ರಾಂತಿ ಕಳೆದ ಮೇಲೆ ಅವಳಿಗೆ ಕೆಮ್ಮು ಹತ್ತಿತು. ಊರಲ್ಲಿ ಎಲ್ಲರಿಗೂ ಇದ್ದ ಕೆಮ್ಮು. ಉಳಿದವರಿಗೆ ನಾಲ್ಕು ದಿನಕ್ಕೆ ಹೋಯಿತು, ಅವಳಿಗೆ ಜ್ವರಕ್ಕೆ ತಿರುಗಿತು. ಅದೇ ಡಾಕ್ಟರ ಬಳಿಗೆ ಅವಳನ್ನು ಕರೆದುಕೊಂಡು ಓಡಿದೆ. ಅವರು ಸೂಜಿಮದ್ದು ಕೊಟ್ಟು ಕಳಿಸಿದರು. ಆರನೆಯ ದಿನ ಅವಳಿಗೆ ಮಲಗಲು ಆಗುತ್ತಿರಲಿಲ್ಲ. ಅವ್ವ ಹಿಂದೆ ದಿಂಬು ಒತ್ತಿಟ್ಟು ಕೂರಿಸಿದ್ದಳು. ಮುಖ ಕಂದಿ ಕಪ್ಪಾಗಿತ್ತು.

"ನೀನು ಓದಿದೀಯಲ್ಲೋ" ಎಂದು ಅವ್ವ ನನ್ನ ತೋಳು ಹಿಡಿದಳು. "ಏನು ಮಾಡಬೇಕು ಹೇಳೋ. ಏನಾದ್ರೂ ಹೇಳು, ಮಾಡ್ತೀನಿ."

ಗಿರಿಜಳ ಎದೆಯೊಳಗೆ ಆ ಕ್ಷಣ ಏನು ನಡೆಯುತ್ತಿದೆ, ರಕ್ತ ಯಾವ ಕೋಣೆಯಿಂದ ಯಾವ ಕೋಣೆಗೆ ದಾರಿ ತಪ್ಪಿ ಹೋಗುತ್ತಿದೆ ಎಂಬುದು ಆ ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಅಷ್ಟೇ ಗೊತ್ತಿತ್ತು. ನಾನು ಅವಳ ಮೊಣಕಾಲು ಮಡಿಸಿ ಎದೆಗೆ ಒತ್ತಿ ಹಿಡಿದೆ. ಅವಳೇ ನಲ್ಲಿಯ ದಾರಿಯಲ್ಲಿ ಮಾಡಿಕೊಳ್ಳುತ್ತಿದ್ದ ಹಾಗೆ. ಸ್ವಲ್ಪ ಹೊತ್ತು ಉಸಿರು ಸರಾಗವಾಯಿತು. ಮಾವನಿಗೆ ಹೇಳಿಕಳಿಸಿದ್ರಾ ಎಂದು ಕೇಳಿದಳು. ಹೇಳಿಕಳಿಸಿದ್ದೆವು. ಅವನು ಮೈಸೂರು ರಸ್ತೆಯಲ್ಲಿ ಸೈಕಲ್ ತುಳಿಯುತ್ತ ಇನ್ನೂ ದಾರಿಯಲ್ಲಿದ್ದಾಗ, ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಗಿರಿಜ ಹೋದಳು.

ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಕೂರಿಸುವಾಗ ಮೊದಲು ಕೈ ಕೊಟ್ಟವನು ರುದ್ರಮಾವ.

ಅದಾಗಿ ಐದು ವಾರಕ್ಕೆ ಪರೀಕ್ಷೆ. ಬರೆಯುವುದಿಲ್ಲ ಎಂದೆ. ಅಪ್ಪಾಜಿ, "ಬರೆದುಬಿಡು. ಇದೂ ನಿಂತುಹೋಗೋದು ಬೇಡ" ಎಂದರು. ಪ್ರಾಕ್ಟಿಕಲ್ಲಿನ ದಿನ ಚೀಟಿ ಎತ್ತಿದಾಗ ನನಗೆ ಬಂದದ್ದು ಶಾರ್ಕಿನ ತಲೆಯ ನರಗಳು. ಹೃದಯ ಬರಲಿಲ್ಲ. ಮುನಿಯಪ್ಪ ನನ್ನ ಮೇಜಿನಿಂದ ಸ್ವಲ್ಪ ದೂರದಲ್ಲೇ ನಿಂತಿದ್ದ. ಒಂದು ನರವೂ ಕಡಿಯಲಿಲ್ಲ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಬಾಗಿ ನೋಡಿ, ಮುಂದೆ ಏನು ಓದುತ್ತೀಯೆಂದು ಇಂಗ್ಲಿಷಿನಲ್ಲಿ ಕೇಳಿದರು. ಓದುವುದಿಲ್ಲ ಎಂದೆ. ಶ್ರೀಕಂಠಯ್ಯನವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಮೊದಲ ದರ್ಜೆಯಲ್ಲಿ ಪಾಸಾದೆ.

ಪರೀಕ್ಷೆ ಮುಗಿದ ಭಾನುವಾರ ರುದ್ರಮಾವ ಬರಲಿಲ್ಲ. ನಾನೇ ಸೈಕಲ್ಲಿನಲ್ಲಿ ಕೆಂಗೇರಿಗೆ ಹೋದೆ. ಮನೆಗೆ ಬೀಗ ಇತ್ತು. ಅವನು ಶಾಲೆಯಲ್ಲಿದ್ದ. ರಜೆಯ ದಿನ, ಖಾಲಿ ಕೋಣೆಯಲ್ಲಿ ಒಬ್ಬನೇ ಕೂತು ಹಾಜರಿ ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದ. "ಬಾರೋ" ಎಂದ. ಕೂತೆ. ಇಬ್ಬರೂ ಬಹಳ ಹೊತ್ತು ಅವ್ವನ ಆರೋಗ್ಯ, ನೀರಿನ ತೊಂದರೆ ಅದೂ ಇದೂ ಮಾತಾಡಿದೆವು. ಮದುವೆ ನಿಂತದ್ದು ನನ್ನ ಮಾತಿನಿಂದ ಎಂದು ಅವನಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಇವತ್ತಿಗೂ ತಿಳಿಯದು. ಹೇಳಿಬಿಡಬೇಕೆಂದೇ ಹೋಗಿದ್ದೆ. ಬಾಯಿ ಬರಲಿಲ್ಲ.

ಎದ್ದು ಹೊರಡುವಾಗ ಅವನು ಮೇಜಿನ ಮೇಲಿದ್ದ ಸೀಮೆಸುಣ್ಣ ನನ್ನ ಕೈಗೆ ಕೊಟ್ಟ.

"ಅದು ಎಲ್ಲಿತ್ತು ಅಂತ ಬರೆದು ತೋರಿಸೋ."

ಕಪ್ಪು ಹಲಗೆಯ ಮೇಲೆ ದೊಡ್ಡದಾಗಿ ಬರೆದೆ. ಮೇಲೆ ಎರಡು ಕೋಣೆ, ಕೆಳಗೆ ಎರಡು ಕೋಣೆ. ನಡುವೆ ಗೋಡೆ. ಗೋಡೆ ಎಳೆದುಕೊಂಡು ಬಂದು ಒಂದು ಕಡೆ ಕೈ ಎತ್ತಿ, ಸ್ವಲ್ಪ ಜಾಗ ಬಿಟ್ಟು, ಮತ್ತೆ ಎಳೆದೆ. "ಇಲ್ಲಿ ಮಾವ."

ಅವನು ಹತ್ತಿರ ಬಂದ. "ಎಷ್ಟು ದೊಡ್ಡದಿತ್ತು?"

"ಗೊತ್ತಿಲ್ಲ. ತೆರೆದು ನೋಡದೆ ಯಾರಿಗೂ ಗೊತ್ತಾಗಲ್ಲ."

ತೋರುಬೆರಳನ್ನು ನಾನು ಬಿಟ್ಟ ಜಾಗದ ಮೇಲಿಟ್ಟ. "ಇಷ್ಟು ಇರಬಹುದಾ?"

"ಇರಬಹುದು."

ಬೆರಳು ತೆಗೆಯದೆ ಹಾಗೇ ನಿಂತ. ನಾನು ಬಟ್ಟೆ ಎತ್ತಿಕೊಂಡು ಹಲಗೆ ಒರೆಸಲು ಹೋದೆ. "ನೀನು ನಡಿ, ನಾನು ಅಳಿಸ್ತೀನಿ" ಎಂದ.

ಹೊರಗೆ ಮೆಟ್ಟಿಲ ಬಳಿ ಸೈಕಲ್ ಹಿಡಿದು ಕಾದೆ. ಮಧ್ಯಾಹ್ನದ ರೈಲು ಬಂದು ಹೋಯಿತು. ಆಮೇಲೂ ಎಷ್ಟೋ ಹೊತ್ತಿಗೆ ಅವನು ಬಂದು ಬಾಗಿಲಿಗೆ ಬೀಗ ಹಾಕಿದ. ಅಂಗಿಯ ಎದೆಯ ಮೇಲೆಲ್ಲ ಸೀಮೆಸುಣ್ಣದ ಪುಡಿ ಹತ್ತಿತ್ತು. ಅವನು ನೋಡಿಕೊಂಡಿರಲಿಲ್ಲ. ಹಾಗೆಯೇ, ನನ್ನ ಸೈಕಲ್ಲನ್ನು ತಾನೇ ತಳ್ಳಿಕೊಂಡು, ಮೈಸೂರು ರಸ್ತೆಯವರೆಗೆ ನನ್ನನ್ನು ಬಿಡಲು ಬಂದ.